ಬೀಳದ ಏಟು

ಹೊಸತೊಡಕಿನ ದಿನ ಕೊಡಿಗೇಹಳ್ಳಿಯಲ್ಲಿ ಬೆಳಕು ಹರಿಯುವಷ್ಟರಲ್ಲಿ ಕುರಿಗಳ ಕೂಗು ನಿಂತುಹೋಗಿರುತ್ತದೆ. ಯುಗಾದಿಯ ಮಾರನೇ ದಿನ ಅದು. ಹಿಂದಿನ ದಿನದ ಒಬ್ಬಟ್ಟಿನ ಸಿಹಿ ಇನ್ನೂ ನಾಲಿಗೆ ಮೇಲಿರುವಾಗಲೇ ಊರಿಗೆ ಊರೇ ಬಾಡಿನ ಕಡೆ ಮುಖ ತಿರುಗಿಸಿಬಿಡುತ್ತದೆ. ಆರೂವರೆಗೆಲ್ಲ ದೊಡ್ಡಮುನಿಯಪ್ಪನವರ ಖಾಲಿ ಸೈಟಿನಲ್ಲಿ, ಹೊಂಗೆಮರದ ಕೆಳಗೆ ನೀಲಿ ಟಾರ್ಪಾಲು ಹಾಸಿ, ಮೇಲೆ ಬಾಳೆಲೆ ಹರಡಿ, ಎಲೆಗೊಂದರಂತೆ ಇಪ್ಪತ್ತನಾಲ್ಕು ಗುಡ್ಡೆ ಹಾಕಿ ಆಗಿತ್ತು. ಗುಡ್ಡೆ ಬಾಡು ಅಂದರೆ ಅಂಗಡಿಯ ತಕ್ಕಡಿ ಬಾಡಲ್ಲ. ತೊಡೆ, ಪಕ್ಕೆಲುಬು, ಬೋಟಿ, ಈಲಿ ಅನ್ನೋ ಲಿವರು, ಒಂದು ತುಂಡು ಕೊಬ್ಬು, ಎಲ್ಲದರದ್ದೂ ಒಂದಿಷ್ಟಿಷ್ಟು ಪ್ರತಿ ಗುಡ್ಡೆಗೂ ಬೀಳಬೇಕು. ಬಿದ್ದಮೇಲೆ ಯಾವ ಗುಡ್ಡೆ ಯಾರದ್ದು ಅಂತ ಹಂಚೋದಕ್ಕೊಂದು ಪದ್ಧತಿ. ಒಬ್ಬ ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಇನ್ನೊಬ್ಬ ಒಂದು ಗುಡ್ಡೆಗೆ ಕೋಲು ಮುಟ್ಟಿಸಿ, "ಇದ್ಯಾರ್ದು?" ಅಂತ ಕೇಳುತ್ತಾನೆ. ಬೆನ್ನು ಹಾಕಿದವನು ಬಾಯಿಗೆ ಬಂದ ಹೆಸರು ಹೇಳಬೇಕು. ಕಣ್ಣು ನೋಡಲಿಲ್ಲ, ಬಾಯಿ ಹೇಳಿತು, ಯಾರಿಗೂ ಮೋಸವಿಲ್ಲ. ಅಜ್ಜಂದಿರು ಮಾಡಿಟ್ಟ ನ್ಯಾಯ.

ಬೆನ್ನು ಹಾಕಿ ನಿಲ್ಲುವ ಮರ್ಯಾದೆ ಅಶ್ವತ್ಥನದ್ದು. ದೊಡ್ಡಮುನಿಯಪ್ಪನವರ ಹಿರೀಮಗ, ನಲವತ್ತೇಳು ವಯಸ್ಸು, ಸಹಕಾರನಗರದ ತನಕ ಅವನು ಕಟ್ಟಿಸಿದ ಬಿಲ್ಡಿಂಗುಗಳಿವೆ. ಕೋಲು ಹಿಡಿಯೋನು ಅವನ ತಮ್ಮ ಭೀಮರಾಜ್. ಅಣ್ಣ ಕೂತು ಎದ್ದ ಜಾಗದ ಧೂಳನ್ನೂ ಹಣೆಗಿಟ್ಟುಕೊಳ್ಳುವ ತಮ್ಮ ಅಂತ ಊರಲ್ಲಿ ಹೆಸರು. ಅಶ್ವತ್ಥನ ಕೈಗೂ ಊರಲ್ಲಿ ಹೆಸರಿತ್ತು ಅನ್ನಿ. ಸೆಂಟ್ರಿಂಗ್ ಮೇಸ್ತ್ರಿಯಿಂದ ಹಿಡಿದು ವಾಟರ್ ಟ್ಯಾಂಕರ್ ಡ್ರೈವರ್‌ವರೆಗೆ ಆ ಕೈಯ ರುಚಿ ನೋಡದವರು ಕಡಿಮೆ. ಮಾತು ಮುಗಿಯೋ ಮುಂಚೆ ಕೈ ಬರುತ್ತಿತ್ತು.

ಆ ಕೈ ಮೂರು ವಾರದಿಂದ ಸ್ವಲ್ಪ ಭಾರ. ಎರಡನೇ ಮಹಡಿ ಹತ್ತಿದರೆ ಎದೆಯ ನಡುವೆ ಯಾರೋ ಮಂಡಿಯೂರಿ ಕೂತಂತಾಗಿ, ದವಡೆಯವರೆಗೂ ಸೆಳೆದು, ನಿಂತರೆ ಬಿಡುತ್ತಿತ್ತು. ಗ್ಯಾಸು ಅಂತ ಸೋಡಾ ಕುಡಿದ. ಶುಂಠಿ ಜಗಿದ. ಹೆಂಡತಿ ದಿವ್ಯಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಹೋದ ವರ್ಷದ ಬ್ಲಡ್ ರಿಪೋರ್ಟು ತೆಗೆಯುತ್ತಾಳೆ, ಮಾತ್ರೆ ಎಲ್ಲಿ ಅನ್ನುತ್ತಾಳೆ. ಮಾತ್ರೆಗಳನ್ನು ಅವನು ಒಂದು ತಿಂಗಳು ನುಂಗಿ, ಕಿಡ್ನಿ ಹೋಗುತ್ತಂತೆ ಅಂತ ಯಾರೋ ಹೇಳಿದ ಮಾತಿಗೆ ಬಚ್ಚಲಿಗೆ ಸುರಿದಿದ್ದ. ಅಪ್ಪನೂ ಐವತ್ತೆರಡಕ್ಕೆ ಗ್ಯಾಸು ಗ್ಯಾಸು ಅನ್ನುತ್ತಲೇ ಎದೆ ಹಿಡಿದುಕೊಂಡು ಜಗಲಿ ಮೇಲೆ ಒರಗಿದ್ದರು. ಅದನ್ನು ಆ ಮನೆಯಲ್ಲಿ ಯಾರೂ ಜೋರಾಗಿ ನೆನೆಯುತ್ತಿರಲಿಲ್ಲ.

ಹಂಚೋದು ಶುರುವಾಯಿತು. ಭೀಮರಾಜ್ ಕೋಲು ಮುಟ್ಟಿಸಿದ. "ಇದ್ಯಾರ್ದು?"

"ತಿಮ್ಮರಾಯಪ್ಪಂದು."

"ಇದ್ಯಾರ್ದು?"

"ಬಡಗಿ ಮನೇರ್ದು."

ಕೊಬ್ಬು ದಂಡಿಯಾಗಿದ್ದ, ಈಲಿ ಎರಡು ತುಂಡು ಜಾಸ್ತಿಯೇ ಬಿದ್ದಿದ್ದ ಗುಡ್ಡೆಗೆ ಕೋಲು ಬಂತು. ಭೀಮರಾಜ್ ಕೆಮ್ಮಿದ. ಚಿಕ್ಕ ಕೆಮ್ಮು, ಗಂಟಲಲ್ಲಿ ಕೂದಲು ಸಿಕ್ಕಂಥದ್ದು.

"ಇದ್ಯಾರ್ದು?"

"ನಮ್ಮನೆದು," ಅಂದ ಅಶ್ವತ್ಥ.

ಎಂಟು ವರ್ಷದಿಂದ ಹೀಗೇ ನಡೆದಿತ್ತು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಆದರೆ ಈ ವರ್ಷ ಗುಂಪಿನಲ್ಲಿ ಚನ್ನು ಇದ್ದ. ಬಾಗಲಕೋಟೆ ಕಡೆಯವನು, ಯಲಹಂಕದ ಫ್ಯಾಕ್ಟರಿಯಲ್ಲಿ ಲೇತ್ ಆಪರೇಟರ್, ಅಶ್ವತ್ಥನ ಮನೆಯ ಹಿಂದಿನ ವಠಾರದಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದವನು. ಗುಡ್ಡೆಯಲ್ಲಿ ಪಾಲು ಸಿಕ್ಕಿದ್ದು ಇದೇ ಮೊದಲು. ಸಂತೋಷಕ್ಕೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದ. ತಮಾಷೆ ಅವನ ಹುಟ್ಟುಗುಣ. ಎರಡನೇ ಸಲ ಕೆಮ್ಮು ಬಂದು, ಎರಡನೇ ಒಳ್ಳೇ ಗುಡ್ಡೆಯೂ "ನಮ್ಮ ಚಿಕ್ಕಪ್ಪಂದು" ಆದಾಗ ಅವನಿಗೆ ತಡೆಯಲಾಗಲಿಲ್ಲ.

"ಅಲ್ರಿ ಅಣ್ಣಾರ, ನಿಮ್ಮ ತಮ್ಮಗ ಕೆಮ್ಮು ಬಂದಾಗೆಲ್ಲಾ ಚಲೋ ಗುಡ್ಡಿ ನಿಮ್ಮನಿ ಕಡೀಗೇ ಹೊಂಟೈತಲ್ರಿ! ಇಂಥಾ ಕೆಮ್ಮು ಎಲ್ಲಿ ಸಿಗತೈತಿ ಹೇಳ್ರಿ, ನಾನೂ ಒಂದೀಟ್ ತರಸ್ಕೊಂತೀನಿ!"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅದು ಹತ್ತಿಕೊಂಡಿತು. ತಿಮ್ಮರಾಯಪ್ಪ ಟವೆಲ್ಲಿಗೆ ಬಾಯಿ ಒತ್ತಿಕೊಂಡ. ಬಡಗಿ ಮನೆಯ ಮುದುಕಿಯಂತೂ ಹಲ್ಲಿಲ್ಲದ ಬಾಯಿ ತೆಗೆದು ನಕ್ಕೇಬಿಟ್ಟಳು. ಎಂಟು ವರ್ಷದ ನಗು ಒಟ್ಟಿಗೇ ಬಂದಿತ್ತು.

ಅಶ್ವತ್ಥ ತಿರುಗಿದ. ನಗುತ್ತಿದ್ದವರನ್ನೆಲ್ಲ ಹೊಡೆಯಲಾಗುವುದಿಲ್ಲ. ನಗಿಸಿದವನನ್ನು ಹೊಡೆಯಬಹುದು.

ಮೊದಲನೇ ಏಟು ಕೆನ್ನೆಗೆ. ಅಂಗೈ ಅಲ್ಲ, ಮುಷ್ಟಿ. ಸ್ಟೀಲ್ ಡಬ್ಬಿ ಠಣ್ಣೆಂದು ಉರುಳಿತು. ಎರಡನೇದಕ್ಕೆ ಚನ್ನುವಿನ ಮೂಗು ಒಡೆದು, ಬಿಳಿ ಅಂಗಿಯ ಮೇಲೆ ರಕ್ತ ಬಳಬಳ ಸುರಿಯಿತು. ಕೆಳಗೆ ಬಿದ್ದವನ ಪಕ್ಕೆಗೆ ಮೂರನೇದು, ಕಾಲಲ್ಲಿ. ಏನೋ ಲಟಕ್ಕೆಂದದ್ದು ಟಾರ್ಪಾಲಿನ ಆಚೆಯಿದ್ದವರಿಗೂ ಕೇಳಿಸಿತು.

"ಬ್ಯಾಡ್ರಿ ಅಣ್ಣಾರ... ನಗಸಾಕ ಅಂದ್ನಿರಿ..."

"ನಗುಸ್ತೀಯಾ? ನಮ್ಮೂರಾಗೆ ನಿಂತು ನಮ್ಮ ಮ್ಯಾಲೇ ನಗುಸ್ತೀಯಾ ಬೋಳಿಮಗನೆ?" ಅಶ್ವತ್ಥ ಅವನ ಕಾಲರ್ ಹಿಡಿದು ಎತ್ತಿ ನಿಲ್ಲಿಸಿದ. ನಾಲ್ಕನೇದಕ್ಕೆ ಕೈ ಎತ್ತಿದ. ಚನ್ನು ಮುಖ ಮುಚ್ಚಿಕೊಳ್ಳಲು ಎರಡೂ ಕೈ ಮೇಲಕ್ಕೆ ತಂದ.

ಕೈ ಇಳಿಯಲಿಲ್ಲ. ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿದರು. ಹಿಂಡಿ ಬಿಡಲಿಲ್ಲ, ಇನ್ನೊಂದು ಸುತ್ತು ತಿರುವಿದರು. ನೋವು ಎಡಗೈಯ ಕಿರುಬೆರಳವರೆಗೆ ಇಳಿದು, ದವಡೆಗೆ ಏರಿ, ಹಲ್ಲಿನ ಬೇರುಗಳಲ್ಲಿ ನಿಂತಿತು. ಮೈಯೆಲ್ಲ ತಣ್ಣನೆ ಬೆವರು. ಅಶ್ವತ್ಥ ಚನ್ನುವಿನ ಕಾಲರ್ ಬಿಟ್ಟು, ಹಿಂದಕ್ಕೆ ಎರಡು ಹೆಜ್ಜೆ ಹೋಗಿ, ಬಾಳೆಲೆಯ ಮೇಲೆ, ಬಾಡಿನ ಗುಡ್ಡೆಗಳ ನಡುವೆ ಕುಸಿದ.

ಭೀಮರಾಜ್ ಹಿಂದುಗಡೆ ನಿಂತಿದ್ದ. ಅವನಿಗೆ ಕಂಡದ್ದು ಇಷ್ಟೇ. ಚನ್ನುವಿನ ಎರಡು ಕೈ ಮೇಲೆ ಬಂದವು, ಅಣ್ಣ ಎದೆ ಹಿಡಿದು ಬಿದ್ದ.

"ಗುದ್ದವ್ನೆ ಕಣ್ರೋ! ಅಣ್ಣನ್ ಎದೆಗ್ ಗುದ್ಬಿಟ್ಟ ಈ ನನ್ಮಗ!"

ಅಶ್ವತ್ಥನಿಗೆ ಕೇಳಿಸಿತು, ಸ್ಪಷ್ಟವಾಗಿ. ಬಾಯಿ ಆಡುತ್ತಿತ್ತು, ಇಲ್ಲ ಅನ್ನಬಹುದಿತ್ತು. ಕಣ್ಣು ತೆರೆದಾಗ ಸುತ್ತ ಇಪ್ಪತ್ತು ಮುಖ. ಈಗತಾನೇ ನಕ್ಕಿದ್ದ ಮುಖಗಳು. ಯಾರೂ ಮುಟ್ಟದೆಯೇ ಬಿದ್ದೆ ಅನ್ನುವುದೇ? ಗುದ್ದಿಸಿಕೊಂಡು ಬಿದ್ದವನಿಗೆ ಎದ್ದು ಹೊಡೆಯುವ ದಾರಿಯಾದರೂ ಇದೆ. ತಾನೇ ತಾನಾಗಿ ಬಿದ್ದವನಿಗೆ ಏನಿದೆ? ಅವನು ಕಣ್ಣು ಮುಚ್ಚಿಕೊಂಡ. ತಮ್ಮನ ಮಾತೇ ಉಳಿಯಿತು.

ಚನ್ನು ಪಕ್ಕೆ ಹಿಡಿದುಕೊಂಡೇ ಬೈಕು ಹತ್ತಿ ಓಡಿದ. ಹೋಗಿ ಬೀಳುವ ಜಾಗ ಒಂದೇ, ತಣಿಸಂದ್ರದಲ್ಲಿರುವ ಅವನ ಅಕ್ಕ ರತ್ನಕ್ಕನ ಮನೆ. ಅದೂ ಎಲ್ಲರಿಗೂ ಗೊತ್ತು. ದೀಪಾವಳಿಗೆ ಆಕೆ ಕಳಿಸುತ್ತಿದ್ದ ಕರ್ಚಿಕಾಯಿಯನ್ನು ಭೀಮರಾಜನೂ ತಿಂದಿದ್ದ.

ಕಾರಿನ ಹಿಂದಿನ ಸೀಟಿನಲ್ಲಿ ಅಶ್ವತ್ಥನನ್ನು ಮಲಗಿಸಿ, ಮನೆಯಿಂದ ಓಡಿಬಂದ ದಿವ್ಯ ಸ್ಟೀರಿಂಗ್ ಹಿಡಿದಳು. ಭೀಮರಾಜ್ ಬಾಗಿಲು ಹಾಕಿ ಕಿಟಕಿಗೆ ಬಗ್ಗಿದ.

"ನೀವ್ ಆಸ್ಪತ್ರೆಗ್ ನಡೀರಿ ಅತ್ಗೆ. ನಾನ್ ಆ ನನ್ಮಗನ್ನ ಒಂದ್ ಕೈ ನೋಡ್ಕೊಂಡೇ ಬರ್ತೀನಿ."

"ಈಗ ಅದೆಲ್ಲ ಬೇಕಾ ಭೀಮಾ? ಬಾ ಜೊತೆಗೆ!"

"ಅಣ್ಣನ್ ಮೈ ಮುಟ್ದೋನು ಇವತ್ತು ಬಾಡು ತಿನ್ಬಾರ್ದು."

ಅಶ್ವತ್ಥ ಕಿಟಕಿಯಿಂದ ನೋಡಿದ. ತಮ್ಮ ಕೊಚ್ಚುವ ಕೊರಡಿನ ಹತ್ತಿರ ಹೋದ. ಅದರ ಮೇಲಿದ್ದ ಮಚ್ಚನ್ನು ಎತ್ತಿ, ಬಾಳೆಲೆಯಿಂದ ಒರೆಸಿ, ಲುಂಗಿಯ ಮಡಿಕೆಗೆ ಸೇರಿಸಿದ. ಇನ್ನಿಬ್ಬರು ಬೈಕು ಸ್ಟಾರ್ಟ್ ಮಾಡಿದರು. ಕಾರು ಹೊರಟಿತು.

ಹೆಬ್ಬಾಳದ ಆಸ್ಪತ್ರೆಗೆ ಎಂಟು ನಿಮಿಷ. ಹಬ್ಬದ ಮಾರನೇ ದಿನದ ಬೆಳಿಗ್ಗೆ, ರಸ್ತೆ ಬೆಳಗಿದ ತಟ್ಟೆಯ ಹಾಗೆ ಖಾಲಿ. ತಣಿಸಂದ್ರದ ರಸ್ತೆಯೂ ಹೀಗೇ ಖಾಲಿ ಇರುತ್ತದೆ ಅಂತ ಅವನಿಗೆ ಹೊಳೆಯಿತು. ಮಾಮೂಲಿ ದಿನ ಮುಕ್ಕಾಲು ಗಂಟೆ ಹಿಡಿಯುವ ದಾರಿಗೆ ಇವತ್ತು ಇಪ್ಪತ್ತೇ ನಿಮಿಷ.

ಎಮರ್ಜೆನ್ಸಿಯಲ್ಲಿ ಅಂಗಿ ಕತ್ತರಿಸಿ ತೆಗೆದರು, ಎದೆಗೆ ವೈರು ಅಂಟಿಸಿದರು. ಹೃದಯದ ಡಾಕ್ಟರ್ ನೂರ್‌ಜಹಾನ್ ಬಂದರು. ಆರ್‌ಟಿ ನಗರದ ಹೆಂಗಸು, ಐವತ್ತರ ಆಸುಪಾಸು, ಮಾತು ಚುರುಕು. ಇಸಿಜಿ ಕಾಗದವನ್ನು ಒಂದು ಸಲ ನೋಡಿದರು, ಎರಡನೇ ಸಲ ನೋಡಲಿಲ್ಲ.

"ದೊಡ್ಡ ಅಟ್ಯಾಕ್. ಕ್ಯಾಥ್ ಲ್ಯಾಬ್ ರೆಡಿ ಮಾಡ್ಕೊಳ್ಳಿ. ಏನ್ ಮಾಡ್ತಿದ್ರಿ ನೋವು ಬಂದಾಗ?"

"ಜಗಳ ಆಯ್ತು ಮೇಡಂ," ಅಂದಳು ದಿವ್ಯ. "ಎದೆಗೆ ಗುದ್ದಿದಾರೆ. ನಮ್ ಬಾಡಿಗೆಯವನೇ."

"ಗುದ್ದಿದ್ರಾ? ಎಲ್ಲಿ?" ಡಾಕ್ಟರ್ ಎದೆಯ ಮೇಲೆ ಕೈಯಾಡಿಸಿದರು. ಕೆಂಪಿಲ್ಲ, ಊತವಿಲ್ಲ, ಒತ್ತಿದರೆ ನೋವಿಲ್ಲ. ಅಶ್ವತ್ಥನ ಕಣ್ಣಿಗೆ ಕಣ್ಣಿಟ್ಟು ಕೇಳಿದರು, "ಗುದ್ದಿದ್ರೇನ್ರಿ?"

ಅವನು ಗೋಡೆಯ ಗಡಿಯಾರ ನೋಡಿದ.

"ಹೆಂಡ್ತಿ ಹೇಳಿದ್ಮೇಲೆ ನಾನು ಬರೀಲೇಬೇಕು. ಪೊಲೀಸ್ ಕೇಸ್ ಅಂತ ಸ್ಟೇಷನ್ನಿಗೆ ಹೋಗುತ್ತೆ," ಅಂದು ಅವರು ನರ್ಸ್ ಕಡೆ ತಿರುಗಿದರು. "ರುಖ್ಸಾರ್, ಬಿಪಿ?"

"ನೂರೆಪ್ಪತ್ತಾರು, ನೂರೆಂಟು ಮೇಡಂ. ಶುಗರ್ ಮುನ್ನೂರ ಹದಿನೆಂಟು."

"ಶುಗರ್ ಇರೋದು ಗೊತ್ತಿತ್ತಾ?"

ದಿವ್ಯ ಮೊಬೈಲಿನಲ್ಲಿದ್ದ ಹೋದ ವರ್ಷದ ರಿಪೋರ್ಟಿನ ಫೋಟೋ ತೆಗೆದು ಕೊಟ್ಟಳು. ಹುಡುಕಬೇಕಾಗಲೇ ಇಲ್ಲ. ವರ್ಷವಿಡೀ ಅದನ್ನು ಎಷ್ಟು ಸಲ ತೆಗೆದು ನೋಡಿದ್ದಳೋ.

ಡಾಕ್ಟರ್ ಓದುತ್ತ ಒಂದೊಂದೇ ಬೆರಳು ಮಡಚಿದರು. "ರಕ್ತದಲ್ಲಿ ಟ್ರೈಗ್ಲಿಸರೈಡ್ ಕೊಬ್ಬು ನಾನ್ನೂರ ಹನ್ನೆರಡು. ಒಳ್ಳೇ ಕೊಲೆಸ್ಟ್ರಾಲ್ ನಲವತ್ತು ಇರ್ಬೇಕು, ಇಪ್ಪತ್ತೆಂಟೇ ಇದೆ. ಶುಗರು. ಬಿಪಿ. ಪ್ಯಾಂಟ್ ಸೈಜ್ ಎಷ್ಟಮ್ಮ?"

"ನಲವತ್ನಾಲ್ಕು. ಅದೂ ಹೊಟ್ಟೆ ಕೆಳಗೆ ಕಟ್ತಾರೆ ಮೇಡಂ."

ಐದನೇ ಬೆರಳೂ ಮಡಚಿ ಮುಷ್ಟಿಯಾಯಿತು. ಅವರು ಆ ಮುಷ್ಟಿಯನ್ನು ಅಶ್ವತ್ಥನ ಮುಖದ ಮುಂದೆ ಹಿಡಿದರು. "ಐದರಲ್ಲಿ ಮೂರಿದ್ರೇ ನಾವು ಹೆದರ್ಕೋತೀವಿ. ನೀವು ಐದನ್ನೂ ಜೊತೆಗೇ ಸಾಕಿದೀರಿ. ಒಂದೊಂದು ಸೇರ್ದಂಗೂ ಒಳಗಡೆ ಹಾಳಾಗೋದು ಜಾಸ್ತಿ. ನಡೀರಿ, ನೋಡೋಣ ಎಷ್ಟಾಗಿದೆ ಅಂತ."

ರಕ್ತನಾಳದೊಳಗೆ ವೈರು ಬಿಟ್ಟು ನೋಡುವ ಆ ಕ್ಯಾಥ್ ಲ್ಯಾಬ್ ಚಳಿಗಾಲದ ಹಾಗೆ ತಣ್ಣಗಿತ್ತು. ಕಿರಿದಾದ ಮೇಜು, ಮೇಲೆ ತೂಗುವ ದೊಡ್ಡ ಕ್ಯಾಮೆರಾ, ಪಕ್ಕದಲ್ಲಿ ಪರದೆ. ಪೂರ್ತಿ ಮಂಪರು ಕೊಡುವುದಿಲ್ಲ, ಎಚ್ಚರವಾಗಿಯೇ ಇರಬೇಕು ಅಂದರು. ಟೆಕ್ನಿಷಿಯನ್ ಸೋಮನಾಥ, ಧಾರವಾಡದವನು, ಅವನ ಬಲಗೈಯನ್ನು ಹಲಗೆಗೆ ಕಟ್ಟುತ್ತ, "ಅಲ್ಲಾಡಬ್ಯಾಡ್ರಿ ಸಾಹೇಬ್ರ, ಮಣಿಕಟ್ಟಿನ ರಕ್ತನಾಳದಾಗಿಂದ ಒಳಗ ಹೋಗ್ತೀವಿ," ಅಂದ. ಸೂಜಿ ಚುಚ್ಚಿತು. ಮಾತಿನ ಧಾಟಿಯಷ್ಟೇ ಕೇಳುತ್ತಿತ್ತು ಅಶ್ವತ್ಥನಿಗೆ. ಚನ್ನುವಿನದ್ದೇ ಧಾಟಿ. ಬ್ಯಾಡ್ರಿ ಅಣ್ಣಾರ.

ಪರದೆಯ ಮೇಲೆ ಕಪ್ಪು ಗೆರೆಗಳು ಮೂಡಿದವು. ಬಡಿಯುತ್ತಿದ್ದವು, ಒದ್ದಾಡುತ್ತಿದ್ದವು. ತನ್ನ ಎದೆಯ ಒಳಗನ್ನು ಅವನು ಮೊದಲ ಸಲ ನೋಡುತ್ತಿದ್ದ. ಎಲೆಯುದುರಿದ ಗಿಡದ ಹಾಗಿತ್ತು. ಒಂದು ದೊಡ್ಡ ಕೊಂಬೆ ನಡುವೆಯೇ ಮೊಟಕಾಗಿ ನಿಂತಿತ್ತು.

"ಇದು ಮುಂದಿನ ದೊಡ್ಡ ನಾಳ. ಪೂರ್ತಿ ಬಂದ್," ಅಂದರು ನೂರ್‌ಜಹಾನ್. "ಇದನ್ನ ಈಗ ತೆಗೀತೀನಿ. ಪಕ್ಕದ್ದು ನೋಡಿ, ಎಂಬತ್ತು ಪರ್ಸೆಂಟ್. ಬಲಗಡೇದು ಮೂರು ಕಡೆ ಸವೆದಿದೆ, ಇಲಿ ಕಡಿದ ಹಗ್ಗ ಇದ್ದಂಗೆ. ಇದು ಇವತ್ತಿನ ಗುದ್ದಲ್ಲ ಅಶ್ವತ್ಥ್ ಅವರೇ. ಹದಿನೈದು ವರ್ಷದಿಂದ ದಿನಾ ಒಂದೊಂದು ಗುದ್ದು. ಯಾರೂ ಮುಟ್ಟದಿದ್ರೂ ನೀವು ಇವತ್ತೋ ನಾಳೆಯೋ ಬೀಳ್ತಿದ್ರಿ."

ಗಡಿಯಾರ ಪರದೆಯ ಮೇಲುಗಡೆ ಇತ್ತು. ಏಳು ಗಂಟೆ ಹನ್ನೊಂದು ನಿಮಿಷ. ಭೀಮ ಹೊರಟು ಎಷ್ಟಾಯಿತು? ಲೆಕ್ಕ ಹಾಕಿದ. ಫ್ಲೈಓವರ್ ಇಳಿದಿರುತ್ತಾನೆ. ರತ್ನಕ್ಕನ ಮನೆಯ ಬೀದಿಗೆ ಬಂದಿರುತ್ತಾನೆ. ಬಾಗಿಲು ತಟ್ಟುತ್ತಾನೆ, ಆಕೆಯೇ ತೆಗೆಯುತ್ತಾಳೆ, ಯಾರೆಂದು ಗೊತ್ತಿರುವ ಮುಖ ನೋಡಿ ಒಳಗೆ ಬಾ ಅನ್ನುತ್ತಾಳೆ. ಮಚ್ಚು ಬಾಳೆಲೆಯಿಂದ ಒರೆಸಿದ್ದು. ಅದರ ಹಿಡಿಯಲ್ಲಿ ಕುರಿಯ ಕೊಬ್ಬು ಇನ್ನೂ ಅಂಟಿರುತ್ತದೆ.

"ಮೇಡಂ, ಫೋನ್ ಬೇಕು."

"ಆಮೇಲೆ."

"ಈಗ್ಲೇ ಬೇಕು. ನನ್ ತಮ್ಮಂಗೆ."

"ನಿಮ್ ಹೃದಯದೊಳಗೆ ವೈರ್ ಇಟ್ಟಿದೀನ್ರಿ ನಾನು! ಅಲ್ಲಾಡಿದ್ರೆ ಸಾಯ್ತೀರಿ. ಸೋಮನಾಥ್, ಹಿಡ್ಕೊ."

ಅಶ್ವತ್ಥ ಮೇಜಿನಿಂದ ಕಾಲು ಕೆಳಗಿಳಿಸಿದ. ಸೋಮನಾಥ ಭುಜ ಒತ್ತಿದ. ಕಟ್ಟದೇ ಬಿಟ್ಟಿದ್ದ ಎಡಗೈ ಸರ್ರನೆ ಎದ್ದು ಸೋಮನಾಥನ ಕುತ್ತಿಗೆ ಹಿಡಿಯಿತು. ಹೆಬ್ಬೆರಳು ಗಂಟಲಿನ ಗುಳಿಯಲ್ಲಿ ನಾಟಿತು. ನಲವತ್ತೇಳು ವರ್ಷದಲ್ಲಿ ಆ ಕೈ ಕಲಿತ ಭಾಷೆ ಅದೊಂದೇ. ಸೋಮನಾಥನ ಕಣ್ಣು ಹೊರಬಂತು, ಮಾಸ್ಕು ಜಾರಿತು, ಟ್ರೇ ಉರುಳಿ ಕತ್ತರಿಗಳು ನೆಲಕ್ಕೆ ಚೆಲ್ಲಿದವು. ಯಾರೋ ಕಿರುಚಿದರು.

"ಬಿಡ್ರಿ..." ಸೋಮನಾಥ ಉಸಿರುಗಟ್ಟಿ ತೊದಲಿದ. "ಏನ್ ಬೇಕು... ಬಾಯಿಲೆ ಹೇಳ್ರಿ! ಬಾಯಿ ಐತಲ್ಲ ನಿಮಗ!"

ಬಾಯಿ ಇತ್ತು. ಟಾರ್ಪಾಲಿನ ಮೇಲೆ ಬಿದ್ದಾಗಲೂ ಇತ್ತು. ಬೆರಳುಗಳು ಸಡಿಲಾದವು.

"ಚನ್ನು ಗುದ್ಲಿಲ್ಲ," ಅಂದ ಅಶ್ವತ್ಥ. ಹೇಳಿದ ಮೇಲೆ ಅದು ಒಂದೇ ಸಮನೆ ಬಂತು. "ನನ್ನ ಮುಟ್ಟೇ ಇಲ್ಲ ಅವ್ನು. ನಾನ್ ಒಡೀತಿದ್ದೆ, ನಾನೇ ಬಿದ್ದೆ. ನನ್ ತಮ್ಮ ಮಚ್ಚು ತಗೊಂಡ್ ಓಗವ್ನೆ, ತಣಿಸಂದ್ರಕ್ಕೆ. ದಿವ್ಯಂಗ್ ಏಳಿ, ತಡೀ ಅನ್ನಿ. ಆಚೆ ಕೂತವ್ಳೆ. ಏಳ್ರಪ್ಪೋ..."

ನೂರ್‌ಜಹಾನ್ ಪರದೆಯಿಂದ ಕಣ್ಣು ತೆಗೆಯದೆಯೇ ಕೂಗಿದರು, "ರುಖ್ಸಾರ್, ಓಡು! ಹೆಂಡ್ತಿಗೆ ಹೇಳು!"

ಬಾಗಿಲು ತೆರೆದು ಮುಚ್ಚಿದ್ದನ್ನು ಅವನು ನೋಡಿದ. ಅಷ್ಟರಲ್ಲಿ ಪರದೆಯ ಗೆರೆ ಹುಚ್ಚು ಹಿಡಿದಂತೆ ಕುಣಿಯತೊಡಗಿತು. ಡಾಕ್ಟರ್ ಏನೋ ಇಂಗ್ಲಿಷಿನಲ್ಲಿ ಒದರಿದರು. ಎಲ್ಲ ಕಪ್ಪಾಯಿತು. ಮುಂದಿನದು ಅವನ ಮೈಗೆ ಗೊತ್ತಾದದ್ದು, ಕುದುರೆ ಒದ್ದಂತೆ ಎದೆಗೆ ಬಿದ್ದ ಒಂದೇ ಒಂದು ಏಟು. ಬೆನ್ನು ಮೇಜಿನಿಂದ ಎದ್ದು ಧೊಪ್ಪನೆ ಬಿತ್ತು. ಬಾಯಲ್ಲಿ ರಕ್ತ. ನಾಲಿಗೆ ಕಚ್ಚಿಕೊಂಡಿದ್ದ.

"ವಾಪಸ್ ಬಂದ್ರು, ಬಂದ್ರು," ಅಂತ ಸೋಮನಾಥ ಕೆಮ್ಮುತ್ತ ಹೇಳುತ್ತಿದ್ದ. "ಶಾಕ್ ಕೊಟ್ವಿರಿ ಸಾಹೇಬ್ರ. ಇನ್ನ ನನ್ನ ಕುತ್ತಿಗಿ ಮುಟ್ಟಬ್ಯಾಡ್ರಿ ಮತ್ತ."

ದೊಡ್ಡ ನಾಳಕ್ಕೆ ಸ್ಟೆಂಟು ಹಾಕಿದರು. ಉಳಿದೆರಡಕ್ಕೆ ಶುಗರ್ ಇಳಿದ ಮೇಲೆ ಆಪರೇಷನ್, ಎದೆ ಸೀಳಿ, ಅಂದರು. ಐಸಿಯುಗೆ ತಂದು ಮಲಗಿಸಿದಾಗ ಹತ್ತು ಗಂಟೆ. ಬಲ ಮಣಿಕಟ್ಟಿಗೆ ಚುಚ್ಚಿದ ಜಾಗ ಒತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ರಕ್ತ ತೆಳುವಾಗಲು ಮದ್ದು ಕೊಟ್ಟಿದೆ, ಈ ಕೈ ಮಿಸುಕಾಡಿಸಬೇಡಿ ಅಂತ ರುಖ್ಸಾರ್ ಎರಡೆರಡು ಸಲ ಹೇಳಿ ಹೋದಳು.

ದಿವ್ಯ ಬಂದು ಮಂಚದ ಪಕ್ಕ ನಿಂತಳು. ಕೂರಲಿಲ್ಲ.

"ಮಾಡ್ದ್ಯಾ ಫೋನು?"

"ಮಾಡ್ದೆ."

"ಎತ್ತುದ್ನಾ?"

"ಎತ್ತಿದ. ನೀವು ಹೇಳಿದ್ದನ್ನ ಹೇಳ್ದೆ, ಅಕ್ಷರ ಬಿಡದೆ." ಅವಳು ಗಂಡನ ಮುಖ ನೋಡದೆ ಡ್ರಿಪ್ಪಿನ ಹನಿ ನೋಡುತ್ತಿದ್ದಳು. "ಹಿಂದುಗಡೆ ಹೆಂಗಸು ಕಿರುಚ್ತಾ ಇದ್ದದ್ದು ಕೇಳಿಸ್ತು ನಂಗೆ. 'ಅಣ್ಣಂಗೆ ಜೀವ ಹೋಗೋ ಭಯ, ಅದಕ್ಕೆ ಕರುಣೆ ಬಂದದೆ, ಫೋನ್ ಇಡಿ ಅತ್ಗೆ' ಅಂದ. ಫೋನ್ ಕಟ್ ಮಾಡ್ಲಿಲ್ಲ. ಜೇಬಿಗೆ ಹಾಕ್ಕೊಂಡ ಅನ್ಸುತ್ತೆ. ನಾನು ಎಲ್ಲಾ ಕೇಳಿಸ್ಕೊಂಡೆ."

"ಏನಾಯ್ತು?"

"ಅವನೇ ಬಂದಿದಾನೆ. ಅವನನ್ನೇ ಕೇಳಿ."

ಭೀಮರಾಜ್ ಬಾಗಿಲಲ್ಲಿದ್ದ. ಅಂಗಿ ಬದಲಾಯಿಸಿದ್ದ, ಲುಂಗಿ ಬದಲಾಯಿಸಿರಲಿಲ್ಲ. ಅಂಚಿನಲ್ಲಿ ಕಪ್ಪುಗಟ್ಟಿದ ಕಲೆಗಳು, ಕುರಿಯದ್ದೋ ಮನುಷ್ಯನದ್ದೋ ಹೇಳಲಾಗದಂಥವು. ಮುಖದಲ್ಲಿ ಹಬ್ಬದ ಕಳೆ. ಅಣ್ಣನ ಕಾಲ ಬಳಿ ನಿಂತು, ಕೆಳದನಿಯಲ್ಲಿ, ಖುಷಿಯಿಂದ ಹೇಳಿದ:

"ಮುಗುಸ್ಲಿಲ್ಲ ಅಣ್ಣ, ಜೀವ ಉಳ್ಸಿವ್ನಿ. ಆದ್ರೆ ಗುದ್ದಿದ್ ಕೈ ಇನ್ ಲೇತ್ ತಿರುಗ್ಸಾಕಿಲ್ಲ. ನಾಕ್ ಬೆಳ್ಳು ತುಂಡಾಗ್ ಓದ್ವು. ಅವ್ರಕ್ಕ ಅಡ್ಡ ಬಂದ್ಲು, ಆಯಮ್ಮಂಗೂ ಭುಜುಕ್ಕೆ ಒಂದ್ ಗೆರೆ ಬಿತ್ತು. ನಮ್ ತಪ್ಪಲ್ಲ."

ಅಶ್ವತ್ಥನ ಎದೆಯ ಪಕ್ಕದ ಯಂತ್ರ ಪೀಂ ಪೀಂ ಅಂತ ವೇಗ ಹಿಡಿಯಿತು.

"ದಿವ್ಯ ಏಳಿದ್ಳಲ್ಲೋ. ಗುದ್ಲಿಲ್ಲ ಅಂತ."

"ಏಳಿದ್ರು. ಬಿಡಣ್ಣ, ಅದೆಲ್ಲ ಈಗ್ಯಾಕೆ? ಡಾಕ್ಟ್ರೇ ಬರ್ದವ್ರಂತಲ್ಲ, ಗುದ್ದು ಅಂತ. ಅದನ್ನೇ ಇಡ್ಕೊ. ಆಚೆ ಎಎಸ್‌ಐ ಹನುಮಯ್ಯ ಬಂದವ್ರೆ. ಎದೆಗ್ ಗುದ್ದಿ ಸಾಯ್ಸಕ್ ನೋಡ್ದ ಅಂದ್ಬುಡು, ಅವನ್ ಮ್ಯಾಲೇ ಕೇಸು. ಅವ್ವನೂ ಅದೇ ಅಂದ್ಳು ಫೋನ್‌ನಾಗೆ, ತಮ್ಮನ್ನ ಉಳುಸ್ಕೊ ಅಂತ." ಅವನು ಸ್ವಲ್ಪ ನಕ್ಕ. "ಊರಾಗ್ ಒಬ್ಬಾದ್ರೂ ನಗ್ತಾನಾ ಇನ್ಮ್ಯಾಲೆ, ನೋಡು."

ಅಶ್ವತ್ಥ ಹತ್ತಿರ ಬಾ ಅಂತ ತಲೆಯಾಡಿಸಿದ. ಭೀಮರಾಜ್ ಬಗ್ಗಿದ.

ಏಟು ಬಿತ್ತು. ಬಲಗೈಯಲ್ಲಿ, ಇದ್ದಷ್ಟೂ ಶಕ್ತಿ ಹಾಕಿ, ಬಗ್ಗಿದ ಕೆನ್ನೆಗೆ. ಪ್ಲಾಸ್ಟಿಕ್ ಪಟ್ಟಿ ಕಿತ್ತುಹೋಯಿತು. ಮಣಿಕಟ್ಟಿನಿಂದ ರಕ್ತ ಪಿಚಕಾರಿಯಂತೆ ಚಿಮ್ಮಿ ಭೀಮರಾಜನ ಒಗೆದ ಅಂಗಿಗೆ, ಬೆಡ್‌ಶೀಟಿಗೆ, ದಿವ್ಯಳ ಸೆರಗಿಗೆ ಬಡಿಯಿತು. ರುಖ್ಸಾರ್ ಬಟ್ಟಲು ಎಸೆದು ಓಡಿ ಬಂದಳು. ಎರಡೂ ಹೆಬ್ಬೆರಳಿಂದ ಮಣಿಕಟ್ಟನ್ನು ಮಂಚಕ್ಕೆ ಒತ್ತಿ ಹಿಡಿದಳು.

"ಯಾ ಅಲ್ಲಾ! ಹೇಳಿದ್ನಲ್ಲ ಅಂಕಲ್! ಬುದ್ಧಿ ಇಲ್ವಾ ನಿಮ್ಗೆ? ಹೊಡೆಯೋ ಚಟ ಸತ್ರೂ ಬಿಡಲ್ವಾ?"

ಗಲಾಟೆಗೆ ಹನುಮಯ್ಯ ಒಳಗೆ ಬಂದರು. ನಿವೃತ್ತಿಗೆ ಹತ್ತಿರದ ಮನುಷ್ಯ, ಕೈಯಲ್ಲಿ ಕ್ಲಿಪ್ ಹಾಕಿದ ಹಾಳೆಗಳು. ರಕ್ತ ನೋಡಿದರು, ಕೆನ್ನೆ ಹಿಡಿದು ನಿಂತ ತಮ್ಮನನ್ನು ನೋಡಿದರು, ಏನೂ ಕೇಳದೆ ಸ್ಟೂಲು ಎಳೆದು ಕೂತರು. ಅವರಿಗೆ ಈ ಮನೆಯವರು ಹೊಸಬರಲ್ಲ.

"ಮಾತಾಡೋ ಸ್ಥಿತೀಲಿದೀರಾ, ಇಲ್ಲ ಸಾಯಂಕಾಲ ಬರ್ಲಾ?"

"ಈಗ್ಲೇ ಬರ್ಕೊಳಿ," ಅಂದ ಅಶ್ವತ್ಥ.

"ಅಣ್ಣ," ಅಂದ ಭೀಮರಾಜ್.

"ಚನ್ನು ನನ್ನ ಮುಟ್ಲಿಲ್ಲ. ಗುದ್ಲಿಲ್ಲ. ಮುಖ ಮುಚ್ಕೊಳಕ್ಕೆ ಕೈ ಎತ್ತಿದ್ದ, ಅಷ್ಟೇಯ. ನನಗೆ ಶುಗರ್ರು, ಬಿಪಿ, ಕೊಬ್ಬು, ಎಲ್ಲಾ ಐತೆ. ವರ್ಷದ್ ಮುಂಚೇನೇ ಗೊತ್ತಿತ್ತು. ಮಾತ್ರೆ ಬಚ್ಚಲಿಗ್ ಸುರ್ದೆ. ಮೂರು ವಾರದಿಂದ ಎದೆ ನೋಯ್ತಿತ್ತು, ಯಾರ್ಗೂ ಏಳ್ಲಿಲ್ಲ. ಅದರಿಂದ ಬಿದ್ದಿದ್ದು."

ದಿವ್ಯ ಮೊದಲ ಸಲ ತಿರುಗಿ ಅವನ ಮುಖ ನೋಡಿದಳು. "ಮೂರು ವಾರ?" ಅಂದಳು, ಅಷ್ಟೇ.

ಹನುಮಯ್ಯನವರ ಪೆನ್ನು ನಿಧಾನವಾಗಿ ಓಡಿತು. "ಯೋಚ್ನೆ ಮಾಡಿ ಹೇಳ್ತಿದೀರಾ? ಇದನ್ನ ಬರೆದ್ರೆ ನಿಮ್ ತಮ್ಮಂಗೆ ನೆಪ ಅನ್ನೋದೇ ಉಳಿಯಲ್ಲ. ಮಚ್ಚು, ಮನೆಗೆ ನುಗ್ಗಿದ್ದು, ಹೆಂಗಸಿಗೆ ಗಾಯ. ಕೊಲೆ ಪ್ರಯತ್ನ ಆಗುತ್ತೆ."

"ಗೊತ್ತು."

"ಅವ್ನು ಮಚ್ಚು ತಗೊಂಡಿದ್ದನ್ನ ನೋಡಿದ್ರಾ?"

ಭೀಮರಾಜನ ಕೆನ್ನೆಯ ಮೇಲೆ ಅಣ್ಣನ ಏಟು ಐದು ಬೆರಳಾಗಿ ಮೂಡಿತ್ತು. ಚಿಕ್ಕವನಿದ್ದಾಗ ಅಣ್ಣನಿಂದ ಏಟು ತಿಂದು ನಿಂತಿರುತ್ತಿದ್ದ ಹಾಗೆಯೇ ನಿಂತಿದ್ದ, ಇನ್ನೊಂದು ಬೀಳಬಹುದು ಅಂತ ಕಾಯುತ್ತ.

"ನೋಡ್ದೆ. ಕಾರಿನ್ ಕಿಟಕಿಯಿಂದ. ಬ್ಯಾಡ ಅನ್ನಬೋದಿತ್ತು. ಅನ್ಲಿಲ್ಲ."

"ಅದಕ್ಕೆ ಮುಂಚೆ ನೀವು ಅವ್ನಿಗೆ ಎಷ್ಟು ಹೊಡೆದ್ರಿ?"

"ಮೂರು. ಎರಡು ಮುಖಕ್ಕೆ. ಒಂದು ಪಕ್ಕೆಗೆ, ಕಾಲಲ್ಲಿ."

"ನಿಮ್ ಮೇಲೂ ಕೇಸು ಬರುತ್ತೆ."

"ಬರ್ಲಿ. ಬರ್ಕೊಳಿ."

ಹೊರಗಿದ್ದ ಕಾನ್‌ಸ್ಟೇಬಲ್ ಬಂದು ಭೀಮರಾಜನ ತೋಳು ಹಿಡಿದ. ಅವನು ಕೊಸರಾಡಲಿಲ್ಲ. ಬಾಗಿಲವರೆಗೂ ಹೋಗಿ ನಿಂತು ತಿರುಗಿದ. ಕಣ್ಣು ತುಂಬಿತ್ತು. ಸಿಟ್ಟಿಗೋ ದುಃಖಕ್ಕೋ, ಅವನಿಗೇ ಗೊತ್ತಿರಲಿಲ್ಲ.

"ನಿನಗೋಸ್ಕರ ಮಾಡ್ದೆ ಕಣಣ್ಣ. ಉಟ್ದಾಗಿಂದ ನಿನ್ನ ನೋಡ್ಕೊಂಡೇ ಮಾಡ್ದೆ."

"ಊಂ," ಅಂದ ಅಶ್ವತ್ಥ. "ಅದನ್ನೂ ಬರ್ಕೊಳಿ ಹನುಮಯ್ಯನೋರೆ."

ಹನುಮಯ್ಯ ಅದನ್ನು ಬರೆಯಲಿಲ್ಲ. ಹಾಳೆಯನ್ನು ಒಂದು ಸಲ ಓದಿ ಹೇಳಿ, ಸಹಿಗೆ ಚಾಚಿದರು. ಬಲಗೈ ರುಖ್ಸಾರಳ ಹೆಬ್ಬೆರಳುಗಳ ಕೆಳಗಿತ್ತು. ಎಡಗೈಗೆ ಬರೆದು ಅಭ್ಯಾಸವಿರಲಿಲ್ಲ. ಕೊನೆಗೆ ಇಂಕ್ ಪ್ಯಾಡ್ ತರಿಸಿದರು. ಸಹಕಾರನಗರದ ತನಕ ಬಿಲ್ಡಿಂಗ್ ಕಟ್ಟಿಸಿದ ಅಶ್ವತ್ಥ ಎಡಗೈಯ ಹೆಬ್ಬೆಟ್ಟು ಒತ್ತಿದ.

"ಆಯ್ತಾ ನಿಮ್ದೆಲ್ಲಾ?" ಅಂದಳು ರುಖ್ಸಾರ್, ಹಿಡಿತ ಸಡಿಲಿಸದೆ. "ಈಗ ಎಲ್ರೂ ಆಚೆ ಹೋಗಿ. ಅಂಕಲ್, ಇನ್ನೂ ಇಪ್ಪತ್ತು ನಿಮಿಷ ಹಿಂಗೇ ಒತ್ತಬೇಕು. ಕೈ ಎತ್ತಿದ್ರೆ ನೋಡಿ."

"ಎತ್ತಲ್ಲಮ್ಮ," ಅಂದ ಅವನು.

ದಿವ್ಯ ಹೊರಗೆ ಹೋಗಲಿಲ್ಲ. ಬ್ಯಾಗಿನಿಂದ ಕಾರಿನ ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಚನ್ನು ಯಾವ ಆಸ್ಪತ್ರೇಲಿದಾನೆ ಅಂತ ಹನುಮಯ್ಯನವರನ್ನ ಕೇಳ್ಕೊಂಡು ಹೋಗ್ತೀನಿ," ಅಂದಳು. "ಒಳಗೆ ಬಿಡ್ತಾರೋ ಇಲ್ವೋ. ರತ್ನಕ್ಕ ಉಗೀಬೋದು. ಉಗಿಸ್ಕೊಂಡು ಬರ್ತೀನಿ."

ಅಶ್ವತ್ಥ ತಲೆಯಾಡಿಸಿದ. ಅವಳು ಸೆರಗಿನ ರಕ್ತವನ್ನು ಒಳಮಗ್ಗುಲಿಗೆ ಮಡಚಿಕೊಂಡು ಹೊರಟಳು.